‘ಸಂಚಿತ ಶೇಕಡಾ’ – ಪದ ಯಾವುದು, ಲೆಕ್ಕ ಹೇಗೆ?

ಪ್ರಶ್ನೆ: ಆವೃತ್ತಿ ಪಟ್ಟಿಯ (ಯಾವ ವರ್ಗದಲ್ಲಿ ಎಷ್ಟು ಮಂದಿ ಎಂದು ತೋರಿಸುವ ಪಟ್ಟಿಯ) ಕೊನೆಯ ಕಾಲಂಗೆ ಕನ್ನಡ ಬರಹಗಳಲ್ಲಿ ‘ಒಟ್ಟು ಶೇಕಡಾ’, ‘ಸಂಚಿತ ಶೇಕಡಾ’, ‘ಸಂಚಿತ ಪ್ರತಿಶತ’ ಎಂಬ ಮೂರು ತಲೆಬರಹ ಕಾಣುತ್ತವೆ. ಮೂರಕ್ಕೂ ಒಂದೇ ಅರ್ಥವೇ? ಇನ್ನೊಂದು: ಪ್ರತಿ ಸಾಲಿನ ಶೇಕಡಾವನ್ನು ಮೇಲಿನಿಂದ ಕೂಡುತ್ತ ಬಂದರೆ ಕೆಲವು ಸಲ ಕೊನೆಗೆ 100ರ ಬದಲು 101, 102 ಬರುತ್ತದೆ. ಆಗ ಏನು ಬರೆಯಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ‘ಸಂಚಿತ ಶೇಕಡಾ’ ಎಂದೇ ಬರೆಯಿರಿ. ಶಾಲೆಯ ಗಣಿತ ಪುಸ್ತಕಗಳಲ್ಲಿ ‘ಸಂಚಿತ ಆವೃತ್ತಿ’ ಆಗಲೇ ಬೇರೂರಿದೆ. ಅದರ ಪಕ್ಕದ ಕಾಲಂಗೆ ಬೇರೆ ಹೆಸರು ಹುಡುಕುವ ಅಗತ್ಯವಿಲ್ಲ. ‘ಪ್ರತಿಶತ’ ಎಂದರೂ ಅರ್ಥ ಕೆಡದು, ಆದರೆ ಒಂದೇ ಪಟ್ಟಿಯಲ್ಲಿ ಎರಡನ್ನೂ ಬೆರೆಸಬೇಡಿ. ‘ಒಟ್ಟು ಶೇಕಡಾ’ ಮಾತ್ರ ದಾರಿ ತಪ್ಪಿಸುತ್ತದೆ. ಒಟ್ಟು ಎಂದರೆ ಎಲ್ಲವನ್ನೂ ಸೇರಿಸಿದ ಮೇಲೆ ಬರುವುದು. ಇಲ್ಲಿ ಅದು ಯಾವಾಗಲೂ 100. ಸಂಚಿತ ಎಂದರೆ ಆ ಸಾಲಿನ ತನಕ ಕೂಡಿಬಂದದ್ದು.

ನಿಮ್ಮ 102ರ ತೊಂದರೆಗೆ ಕಾರಣ ಲೆಕ್ಕದ ಕ್ರಮ. ಒಂದು ಉದಾಹರಣೆ ನೋಡಿ. 40 ಮಂದಿಯ ಅಂಕಗಳು ಹೀಗೆ ಹಂಚಿಹೋಗಿವೆ ಅನ್ನೋಣ:

0–10: 3 ಮಂದಿ
10–20: 7
20–30: 12
30–40: 11
40–50: 7

ಸಾಲುಸಾಲಿಗೆ ಶೇಕಡಾ ತೆಗೆದರೆ 7.5, 17.5, 30, 27.5, 17.5. ಇವನ್ನು ಪೂರ್ಣಾಂಕ ಮಾಡಿದರೆ 8, 18, 30, 28, 18. ಈಗ ಕೂಡುತ್ತ ಬನ್ನಿ: 8, 26, 56, 84, 102. ಅರ್ಧ ಇದ್ದಲ್ಲೆಲ್ಲ ಮೇಲಕ್ಕೆ ಏರಿಸಿದ್ದು ಒಂದರ ಮೇಲೊಂದು ಸೇರಿಕೊಂಡು ಕೊನೆಗೆ 2 ಹೆಚ್ಚಾಯಿತು. ಕೊನೆಯ ಸಾಲಿನಲ್ಲಿ ಸುಮ್ಮನೆ 100 ಎಂದು ತಿದ್ದಿಬಿಡುವುದು ಪರಿಹಾರವಲ್ಲ, ಏಕೆಂದರೆ ನಡುವಿನ 26, 56, 84 ಕೂಡ ತಪ್ಪೇ.

ಮೊದಲು ಆವೃತ್ತಿಗಳನ್ನೇ ಕೂಡಿ: 3, 10, 22, 33, 40. ಪ್ರತಿಯೊಂದನ್ನೂ 40ರಿಂದ ಭಾಗಿಸಿ 100ರಿಂದ ಗುಣಿಸಿ: 7.5, 25, 55, 82.5, 100. ದಶಮಾಂಶ ಬೇಡವಾದರೆ ಇಲ್ಲಿ, ಕಟ್ಟಕಡೆಗೆ, ಪೂರ್ಣಾಂಕ ಮಾಡಿ: 8, 25, 55, 83, 100. ಇಷ್ಟು ಮಾಡಿಯೂ ಕೊನೆಯ ಸಾಲು 100 ಆಗದಿದ್ದರೆ ಯಾವುದೋ ಆವೃತ್ತಿ ಬಿಟ್ಟುಹೋಗಿದೆ ಅಥವಾ ಭಾಜಕ ತಪ್ಪಿದೆ.

ಎಕ್ಸೆಲ್‌ನಲ್ಲಿ ಮಾಡುವವರು ಮೊತ್ತದ ಸೂತ್ರದಲ್ಲಿ ಶುರುವಿನ ಕೋಶದ ಸಾಲು ಸಂಖ್ಯೆಗೆ ಡಾಲರ್ ಚಿಹ್ನೆ ಹಾಕಿ ಕದಲದಂತೆ ಮಾಡಬೇಕು, ಕೊನೆಯ ಕೋಶವನ್ನು ಡಾಲರ್ ಇಲ್ಲದೆ ಬಿಡಬೇಕು. ಭಾಜಕದಲ್ಲಿರುವ ಒಟ್ಟು ಮೊತ್ತಕ್ಕೂ ಡಾಲರ್ ಬೇಕು. ಅದನ್ನು ಮರೆತು ಸೂತ್ರವನ್ನು ಕೆಳಕ್ಕೆ ಎಳೆದರೆ ಭಾಜಕವೂ ಜೊತೆಗೆ ಜಾರಿ ಎರಡನೆಯ ಸಾಲಿನಿಂದಲೇ ಲೆಕ್ಕ ಕೆಡುತ್ತದೆ.

ಉತ್ತರ ಕೊಡದವರು ಇದ್ದರೆ ಭಾಜಕ ಯಾವುದೆಂದು ಮೊದಲೇ ಹೇಳಿಬಿಡಿ. ಎಸ್‌ಪಿಎಸ್‌ಎಸ್‌ ತಂತ್ರಾಂಶ ಸಂಚಿತ ಶೇಕಡಾವನ್ನು ಮಾಹಿತಿ ಸಿಕ್ಕವರ ಸಂಖ್ಯೆಯ ಮೇಲೆ ಲೆಕ್ಕ ಹಾಕುತ್ತದೆ, ಎಲ್ಲರ ಸಂಖ್ಯೆಯ ಮೇಲಲ್ಲ. ಅದೇ ಪಟ್ಟಿಯ ಮೊದಲ ಶೇಕಡಾ ಕಾಲಂ ಎಲ್ಲರನ್ನೂ ಸೇರಿಸಿರುವುದರಿಂದ ಎರಡಕ್ಕೂ ತಾಳೆಯಾಗುವುದಿಲ್ಲ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಪದಬಳಕೆಯ ಇನ್ನೊಂದು ತೊಡಕು ಆ 55ನ್ನು ವಾಕ್ಯದಲ್ಲಿ ಓದುವಾಗ ಬರುತ್ತದೆ. ‘ಶೇಕಡಾ 55 ಮಂದಿ 20ರಿಂದ 30ರ ನಡುವೆ ಇದ್ದಾರೆ’ ಎಂದು ಬರೆದವರನ್ನು ಬೇಕಾದಷ್ಟು ಕಾಣುತ್ತೇವೆ. ಆ ನಡುವೆ ಇರುವವರು ಶೇಕಡಾ 30 ಮಾತ್ರ. 55 ಎಂಬುದು 30ಕ್ಕಿಂತ ಕಡಿಮೆ ಅಂಕ ಪಡೆದ ಎಲ್ಲರ ಪಾಲು.

‘30ರವರೆಗೆ’ ಎನ್ನುವುದೂ ಇಲ್ಲಿ ಬೇಡ. 30 ಸೇರಿತೇ, ಸೇರಲಿಲ್ಲವೇ ಎಂಬುದನ್ನು ಕನ್ನಡದ ‘ವರೆಗೆ’ ತಾನಾಗಿ ಹೇಳುವುದಿಲ್ಲ. ‘30ರೊಳಗೆ’ ಎಂದರೂ ಅದೇ ಗೊಂದಲ. 20–30, 30–40 ಎಂಬ ವರ್ಗಾಂತರಗಳಲ್ಲಿ 30 ಪಡೆದವರು ಮುಂದಿನ ವರ್ಗಕ್ಕೆ ಸೇರುತ್ತಾರೆ, ಹಾಗಾಗಿ ‘30ಕ್ಕಿಂತ ಕಡಿಮೆ’ ಎಂದೇ ಹೇಳಬೇಕು. 21–30, 31–40 ಎಂದು ಕಟ್ಟಿದ ಪಟ್ಟಿಯಾದರೆ ‘30 ಅಥವಾ ಅದಕ್ಕಿಂತ ಕಡಿಮೆ’.

ಓಜೀವ್ ರೇಖೆ (ಸಂಚಿತ ಅಂಕಿಗಳ ಬಿಂದುಗಳನ್ನು ಜೋಡಿಸಿದ ರೇಖೆ) ಎಳೆಯುವಾಗಲೂ ಇದೇ ಕಾರಣಕ್ಕೆ 55ರ ಬಿಂದುವನ್ನು ಮೇಲ್ಮಿತಿ 30ರ ನೇರಕ್ಕೆ ಗುರುತಿಸಬೇಕು. ವರ್ಗದ ಮಧ್ಯಬಿಂದು 25ರ ನೇರಕ್ಕೆ ಇಟ್ಟರೆ ಇಡೀ ರೇಖೆ 5 ಅಂಕ ಎಡಕ್ಕೆ ಸರಿಯುತ್ತದೆ. ಶೇಕಡಾ 50ರ ನೇರಕ್ಕೆ ಓದುವ ಮಧ್ಯಾಂಕ 28.3 ಇರಬೇಕಾದಲ್ಲಿ 23.3 ಸಿಗುತ್ತದೆ.

‘ಸಂಚಿತ ಶೇಕಡಾ’ ಎಂಬ ಪದ ಹೊಂದದ ಕಡೆಯೂ ಇದೆ. ಬೆಲೆ ಒಂದು ವರ್ಷ ಶೇಕಡಾ 10, ಮರುವರ್ಷ ಮತ್ತೆ ಶೇಕಡಾ 10 ಏರಿದರೆ ಎರಡೂ ಸೇರಿ 20 ಅಲ್ಲ, 21. ಎರಡನೆಯ ಏರಿಕೆ 110ರ ಮೇಲೆ ಬಿದ್ದಿದೆ. ಅದು ಗುಣಾಕಾರದ ಲೆಕ್ಕ, ಅದಕ್ಕೆ ‘ಒಟ್ಟಾರೆ ಏರಿಕೆ’ ಎನ್ನಿ. ರಕ್ತದ ಗುಂಪು, ಮಾತೃಭಾಷೆಯಂಥ ಏರಿಳಿತದ ಕ್ರಮವಿಲ್ಲದ ಮಾಹಿತಿಗೂ ಸಂಚಿತ ಶೇಕಡಾ ಕಾಲಂ ಹಾಕಬೇಡಿ. ಸಾಲುಗಳ ಜಾಗ ಬದಲಿಸಿದ ಕೂಡಲೇ ಅಂಕಿಯೂ ಬದಲಾಗುತ್ತದೆ. ಪರೇಟೊ ಎಂಬ ಸ್ತಂಭನಕ್ಷೆಯಲ್ಲಿ ಹಾಕುತ್ತಾರೆ ನಿಜ, ಆದರೆ ಅಲ್ಲಿ ಮೊದಲೇ ಹೆಚ್ಚಿನಿಂದ ಕಡಿಮೆಗೆ ಜೋಡಿಸಿಕೊಂಡಿರುತ್ತಾರೆ.