ಫ್ಲೆಕ್ಸ್ ಮ್ಯಾಲ ಏನ್ ಬರಿಯೂದು?

ಗುಂಪು: ರಿಂಕ್ ಹಳೇ ಗೆಳೆಯರು, ಬೆಳಗಾವಿ

ಮಲ್ಲು, ಸಂಜೆ 6:12
(ಚಿತ್ರ, ಭಾಳ ಸಲ ಫಾರ್ವರ್ಡ್ ಆಗಿದ್ದು: "ಭಾರತದ ಆನಂದಕುಮಾರ್ ವೇಲ್‌ಕುಮಾರ್ ವಿಶ್ವದಾಖಲೆ!! 1000 ಮೀಟರ್, 1:24.924")
ಬ್ಯಾಸಿಗಿ ಸ್ಕೇಟಿಂಗ್ ಕ್ಯಾಂಪಿನ ಫ್ಲೆಕ್ಸಿಗೆ ಇದನ್ನ ಹಾಕೂನಂತ. 6 ಬೈ 4 ಅಡಿ. ಖಡೇಬಜಾರದ ಅಂಗಡ್ಯಾಂವ ರಾತ್ರಿ 9ರೊಳಗ ಮ್ಯಾಟರ್ ಕಳಸು ಅಂದಾನ. ಎಲ್ಲಾರೂ ಓಕೆ ಅಂದ್ರ ಕಳಸ್ತೇನಿ.

ಗೀತಾ, 6:14
ಓಕೆ. ಚಲೋ ಐತಿ.

ಬಸಣ್ಣ, 6:20
ನಂದು ಓಕೆ ಇಲ್ಲ. 1:24 ವಿಶ್ವದಾಖಲೆ ಹೆಂಗ ಆಗತೈತೋ ತಮ್ಮಾ? ಅಮೆರಿಕದ ಜೋರ್ಡನ್ ಸ್ಟೋಲ್ಜ್ 1000 ಮೀಟರ್ 1:05.37ಕ್ಕ ಮುಗಿಸ್ಯಾನ, ಸಾಲ್ಟ್ ಲೇಕ್ ಸಿಟಿ, 2024ರ ಜನವರಿ. ಹತ್ತೊಂಬತ್ತೂವರಿ ಸೆಕೆಂಡ್ ಫರಕ್. ಹುಡುಗರ ಅಪ್ಪ-ಅವ್ವ ಮೊಬೈಲ್ ತಗದು ನೋಡಿದ್ರ ನಮ್ಮ ಮಾನ ಹರಾಜ.

ಮಲ್ಲು, 6:21
ಬಸಣ್ಣ ಅದು ಐಸ್. ಇದು ಇನ್‌ಲೈನ್, ಚಕ್ರದ್ದು.

ಬಸಣ್ಣ, 6:21
ಚಕ್ರ ಇರ್ಲಿ ಬ್ಲೇಡ್ ಇರ್ಲಿ, ಸಾವಿರ ಮೀಟರ್ ಸಾವಿರ ಮೀಟರೇ.

ಶೋಭಕ್ಕ, 6:33
ಇಬ್ಬರದೂ ಅರ್ಧರ್ಧ ತಪ್ಪ. ಮಲ್ಲು, ನೀ ಹಾಕಿದ್ದರಾಗ ಖರೆ ಯಾವ್ದು ಕೇಳು. 2025ರ ಸೆಪ್ಟೆಂಬರ್, ಚೀನಾದ ಬೇದೈಹೆ, ವಿಶ್ವ ಚಾಂಪಿಯನ್‌ಷಿಪ್, ಸೀನಿಯರ್ ಗಂಡಸರ 1000 ಮೀಟರ್ ಸ್ಪ್ರಿಂಟ್, ಚಿನ್ನ. ಸ್ಪೀಡ್ ಸ್ಕೇಟಿಂಗ್‌ನಾಗ ಭಾರತದ ಮೊದಲ ವಿಶ್ವ ಚಾಂಪಿಯನ್ ಆ ಚೆನ್ನೈ ಹುಡುಗ. ಅದ ಕೂಟದಾಗ 500 ಮೀಟರಿಗೆ ಕಂಚು, 43.072. 42 ಕಿಲೋಮೀಟರ್ ಮ್ಯಾರಥಾನಿನಾಗ ಮತ್ತೊಂದು ಚಿನ್ನ.
ದಾಖಲೆ ಅನ್ನೂದು ಮಾತ್ರ ಯಾರೋ ಸೇರಿಸಿದ್ದು. ಅದಕ್ಕಿಂತ ಒಂದ ತಿಂಗಳ ಮೊದಲ ಚೆಂಗ್ಡು ವರ್ಲ್ಡ್ ಗೇಮ್ಸಿನಾಗ ಅದ ಹುಡುಗ, ಅದ 1000 ಮೀಟರ್, 1:22.482. ಸಿಕ್ಕಿದ್ದು ಕಂಚು. ಸುಮಾರು ಎರಡೂವರಿ ಸೆಕೆಂಡ್ ಜಲ್ದಿ ಮುಗಿಸಿದಾಗ ಕಂಚು, ತಡಾ ಮಾಡಿದಾಗ ಚಿನ್ನ! ನೀ ದಾಖಲೆ ಅಂತ ಬರದ್ರ ಅವನ ಟೈಮೇ ನಿನ್ನ ಫ್ಲೆಕ್ಸ್ ಸುಳ್ಳ ಅಂತ ಹೇಳತೈತಿ.

ಮಲ್ಲು, 6:35
ತಡಾ ಮಾಡಿ ಗೆದ್ದಾನ ಅಂದ್ರ? ಟ್ರ್ಯಾಕ್ ಕೆಟ್ಟಿತ್ತಾ?

ಇರ್ಫಾನ್ (ವಿಜಯಪುರ), 6:41
ಟ್ರ್ಯಾಕಿಂದಲ್ಲ ತಮ್ಮಾ, ಗಾಳಿದು ಆಟ ಅದ. ನಮ್ಮ ಕಡಿ ಸೈಕಲ್ ಹೊಡಿಯೋ ಸಣ್ಣ ಹುಡುಗಗೂ ಇದು ಗೊತ್ತದ. ಇನ್‌ಲೈನ್ 1000ದಾಗ ಎಲ್ಲಾರೂ ಒಂದ ಗೆರಿ ಮ್ಯಾಲಿಂದ ಕೂಡೇ ಬಿಡ್ತಾರ. ಮುಂದಿದ್ದಾಂವ ಗಾಳಿ ಸೀಳ್ತಾನ, ಬೆನ್ನಿಗೆ ಹತ್ತಿದಾಂವ ಪುಗಸಟ್ಟೆ ಹೋಗ್ತಾನ. ಅದಕ್ಕ ಮುಂದ ಹೋಗಾಕ ಯಾರಿಗೂ ಮನಸ್ ಇರಂಗಿಲ್ಲ. ಶುರೂದಾಗ ಒಬ್ಬರ ಮಾರಿ ಒಬ್ಬರು ನೋಡಕೋತ ಹೋಗಿ, ಕಡೀಕ ಬಾಣ ಬಿಟ್ಟಂಗ ಬಿಡ್ತಾರ. ಯಾರರೆ ಒಬ್ಬಾಂವ ಸಿಟ್ಟಿಗೆದ್ದು ಮೊದಲ ಸುತ್ತಿಂದ ಎಳದ್ರ ಎಲ್ಲಾರ ಟೈಮ್ ಇಳೀತದ, ಎಳಿಲಿಲ್ಲಂದ್ರ ಏರ್ತದ. ಗೆದ್ದಾಂವನ ತಾಕತ್ತು ಗಡಿಯಾರದಾಗ ಕಾಣಂಗಿಲ್ಲ, ಕಡೀ ಸುತ್ತಿನಾಗ ಯಾವಾಗ ಹೊರಬಿದ್ದ ಅನ್ನೂದ್ರಾಗ ಕಾಣ್ತದ.
ಬಸಣ್ಣ ಹೇಳೋ ಐಸ್‌ನಾಗ 400 ಮೀಟರಿನ ಓವಲ್, ಇಬ್ಬರೇ ಇಬ್ಬರು, ಬ್ಯಾರೆ ಬ್ಯಾರೆ ಲೇನ್. ಪಕ್ಕದಾಂವನ ಸೋಲಿಸಿದ್ರೂ ಉಪಯೋಗಿಲ್ಲ, ಎಲ್ಲಾ ಜೋಡಿ ಮುಗದ ಮ್ಯಾಲ ಟೈಮ್ ಕಮ್ಮಿ ಇದ್ದಾಂವಗ ಚಿನ್ನ. 1:24ರ ಪಕ್ಕಕ್ಕ 1:05 ಇಡೂದಂದ್ರ ಕುಸ್ತಿ ಕಣದಾಗ ತಕ್ಕಡಿ ಇಟ್ಟಂಗ.

ಬಸಣ್ಣ, 6:44
ಅದ ನಾನೂ ಹೇಳಾಕ ಹತ್ತಿದ್ದು. ಹಂಗಾರ ಗಡಿಯಾರದ ಆಟ ಖರೆ ಆಟ. ಗುಂಪಿನಾಗ ಗೆದ್ದದ್ದು ನಸೀಬಾನೂ ಇರಬಹುದು. 2002ರ ಒಲಿಂಪಿಕ್ಸಿನಾಗ ಸ್ಟೀವನ್ ಬ್ರಾಡ್‌ಬರಿ ನೆನಪೈತೇನ? ಶಾರ್ಟ್ ಟ್ರ್ಯಾಕ್ (ಸಣ್ಣ ಐಸ್ ಸುತ್ತಿನಾಗ ಗುಂಪಾಗಿ ಓಡೂದು) 1000 ಫೈನಲ್, ಕಡೀ ತಿರುವಿನಾಗ ಮುಂದಿನ ನಾಕೂ ಮಂದಿ ಬಿದ್ರು, ಹಿಂದ ಉಳದಾಂವ ನಿಂತಕೊಂಡ ದಾಟಿ ಚಿನ್ನ ತಗೊಂಡ. ಚಾಂಪಿಯನ್ ಹೌದು, ಜೋರು ಯಾರಿದ್ರು ಅಂತ ನೀವೇ ಹೇಳ್ರಿ. ದಾಖಲೆ ಹಂಗ ಬೀಳಂಗಿಲ್ಲ.

ದೇಸಾಯಿ ಸರ್, 6:58
ಬಸವರಾಜ, ದಾಖಲೆನೂ ಒಬ್ಬಾಂವನ ಕಾಲಿಂದ ಅಷ್ಟ ಆಗೂದಲ್ಲ. ಊರು ಯಾವ್ದು ನೋಡಬೇಕು. ಐಸಿನ ದಾಖಲೆ ನೋಡು: ರಷ್ಯಾದ ಕುಲಿಜ್ನಿಕೋವ್ 500 ಮೀಟರ್ 33.61, 2019ರ ಮಾರ್ಚ್, ಸಾಲ್ಟ್ ಲೇಕ್. ಮರುದಿನ ಅಲ್ಲೇ ಕ್ಯೆಲ್ಡ್ ನಾಯ್ಸ್ 1500ಕ್ಕ 1:40.17, ಹೆಂಗಸರಾಗ ಮಿಹೊ ತಕಾಗಿ 1:49.83. ನೀ ಹೇಳಿದ ಸ್ಟೋಲ್ಜ್‌ದೂ ಅಲ್ಲೇ. ಲೀ ಸಾಂಗ್-ಹ್ವಾ 2013ರ ನವೆಂಬರ್ 16ಕ್ಕ ಅಲ್ಲೇ ಹೆಂಗಸರ 500ಕ್ಕ 36.36 ಮಾಡಿದಳು, ಬರೋಬ್ಬರಿ 12 ವರ್ಷಕ್ಕ, ಅದ ತಾರೀಖಿಗೆ, ಅದ ಐಸ್ ಮ್ಯಾಲ ಫೆಮ್ಕೆ ಕಾಕ್ 36.09 ಮಾಡಿ ಅದನ್ನ ಅಳಿಸಿದಳು.
ಕಾರಣ ಏನು? ಆ ಓವಲ್ ಸಮುದ್ರಮಟ್ಟದಿಂದ ಸುಮಾರು 1,425 ಮೀಟರ್ ಮ್ಯಾಲ ಐತಿ. ಗಾಳಿ ಶೇ 13ರಷ್ಟು ತೆಳು. ಐಸ್ ಮ್ಯಾಲ 50 ಕಿಲೋಮೀಟರ್ ವೇಗದಾಗ ಹೋಗುವಾಗ ತಡಿಯೂದ್ರಾಗ ಬಹುಪಾಲು ಗಾಳಿದ, ಬ್ಲೇಡಿನ ತಿಕ್ಕಾಟ ಸ್ವಲ್ಪ. ಮ್ಯಾಲ ಒಳಾಂಗಣ, ಗಾಳಿ ಬೀಸೂದಿಲ್ಲ, ಐಸ್ ಥಂಡಿ ಬೇಕಾದಷ್ಟ ಇಡಬಹುದು.

ಮಲ್ಲು, 7:00
ನಮ್ಮ ಬೆಳಗಾವಿ ಎಷ್ಟ ಎತ್ತರ ಐತ್ರಿ ಸರ್?

ದೇಸಾಯಿ ಸರ್, 7:02
750 ಮೀಟರ್ ಹತ್ರ. ಶೇ 7ರಷ್ಟು ತೆಳು ಗಾಳಿ. ಜರ್ಮನಿಯ ಇನ್ಝೆಲ್ ಓವಲ್ ಸುಮಾರು ನಮ್ಮಷ್ಟ ಎತ್ತರ, ಸ್ವಲ್ಪ ತಗ್ಗ.

ಬಸಣ್ಣ, 7:05
ಸರ್ ನೀವ ನನ್ನ ಕೈಯಾಗ ಕೊಡ್ಲಿ ಕೊಟ್ರಿ. 5000ದಾಗ ಆರು ನಿಮಿಷ ಮೊದಲ ಮುರದದ್ದು ಅದ ಇನ್ಝೆಲ್ಲಿನಾಗ! ಸಾಂಡರ್ ಐಟ್ರೆಮ್, 5:58.52, 2026ರ ಜನವರಿ. ಸಾಲ್ಟ್ ಲೇಕಿನಾಗ ನಿಲ್ಸ್ ವಾನ್ ಡರ್ ಪೂಲ್‌ಗ 6:01.56ಕ್ಕ ನಿಲ್ಲಬೇಕಾತು. ಎತ್ತರ ಎಲ್ಲಿ ಹೋತು?

ದೇಸಾಯಿ ಸರ್, 7:11
ಹೌದು, ಅದನ್ನ ಒಪ್ಪತೇನಿ. ಅಂವನ ಲೆಕ್ಕ ನೋಡಿದ್ರ ಕಾಲ ನಡಗತಾವ. 5000 ಅಂದ್ರ ಹನ್ನೆರಡೂವರಿ ಸುತ್ತು. ಆರು ನಿಮಿಷಕ್ಕ ಒಂದ ಸುತ್ತಿಗೆ ಸರಾಸರಿ 28.8. ನಿಂತಲ್ಲಿಂದ ಬಿಟ್ಟ ಮೊದಲ 200 ಮೀಟರಿಗೇ ಹದಿನೆಂಟೂವರಿ ಸೆಕೆಂಡ್ ಹೋತಂತ ಹಿಡಿ, ಉಳದ 12 ಸುತ್ತು 28.4ರ ಆಜುಬಾಜು ಎಳೀಬೇಕು, ಒಂದಾದ ಮ್ಯಾಲ ಒಂದು. ಎಂಟನೇ ಸುತ್ತಿನಾಗ ತೊಡಿ ಸುಡಾಕ ಹತ್ತಿ ಒಂದ ಸಲ 29.5 ಬಿತ್ತಂದ್ರ ಅದನ್ನ ಮುಂದಿನ ನಾಕ ಸುತ್ತಿನಾಗ ತಿರುಗಿ ಗಳಸೂದು ಆಗಂಗಿಲ್ಲ. ಆದ್ರ ಎತ್ತರದ ಮಾತು ಸುಳ್ಳಾಗಲಿಲ್ಲ ಬಸವರಾಜ. ಅಂವ ಅಷ್ಟ ಎತ್ತರ ಇಲ್ದನ ಮಾಡಿದ ಅಂದ್ರ ಅವನ ದಾಖಲೆ ಇನ್ನಷ್ಟ ದೊಡ್ಡದು, ಅಷ್ಟ.

ಶೋಭಕ್ಕ, 7:15
ಹೈಡನ್ನ ಮರತ್ರಿ. 1980ರ ಒಲಿಂಪಿಕ್ಸ್, ಲೇಕ್ ಪ್ಲ್ಯಾಸಿಡ್, ಬಯಲಿನ ಓವಲ್. ಎರಿಕ್ ಹೈಡನ್ 500, 1000, 1500, 5000, 10,000, ಐದಕ್ಕ ಐದೂ ಚಿನ್ನ. 500ಕ್ಕ 38.03. ಇವತ್ತ ಫೆಮ್ಕೆ ಕಾಕ್ ಅವನಕಿಂತ ಸುಮಾರು ಎರಡು ಸೆಕೆಂಡ್ ಮುಂದ. 10,000 ಅಂವ 14:28.13 ಮಾಡಿದಾಗ ಅದು ವಿಶ್ವದಾಖಲೆ. ಈಗ ಗಿಯೊಟ್ಟೊ 12:25.69, ಕ್ಯಾಲ್ಗರಿ, 2025. ಅಂದ್ರ ಹೈಡನ್ ಸುಮಾರು ಮೂರೂವರಿ ಸುತ್ತು ಹಿಂದ ಬೀಳ್ತಿದ್ದ. ದಾಖಲೆ ಹೋತು. ಐದ ಚಿನ್ನ ಯಾರ ಅಪ್ಪಗೂ ಕಸಗೊಳ್ಳಾಕ ಆಗಿಲ್ಲ.

ಇರ್ಫಾನ್ (ವಿಜಯಪುರ), 7:16
ಅದ ಹೈಡನ್ 1986ರಾಗ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಾಗೂ ಓಡ್ಯಾನ. ನಮ್ಮಾಂವ.

ಗೀತಾ, 7:24
ಎಲ್ಲಾರೂ ತಡೀರಿ. ಮಲ್ಲು, ಆ ಚಿತ್ರ ಝೂಮ್ ಮಾಡಿ ಕಾಲ ನೋಡು. ಚಕ್ರ ಎಲ್ಲೈತಿ? ಅದು ಐಸಿನ ಕ್ಲ್ಯಾಪ್ ಸ್ಕೇಟ್! ಹಿಮ್ಮಡಿ ಬುಡಕ ಬ್ಲೇಡ್ ಬಿಟ್ಟಕೊಂಡೈತಿ.

ಮಲ್ಲು, 7:25
ಅಯ್ಯ. ನಾ ಅದನ್ನ ಮುರದೈತಿ ಅನ್ಕೊಂಡಿದ್ದೆ.

ಗೀತಾ, 7:31
ಮುರದಿಲ್ಲೋ, ಅದು ಇರೂದ ಹಂಗ. ಮೊದಲ ಬ್ಲೇಡ್ ಬೂಟಿಗೆ ಹಿಂದ-ಮುಂದ ಎರಡೂ ಕಡಿ ಬಿಗದಿರ್ತಿತ್ತು. ಕಡೀಕ ಪಾದ ಚಾಚಿ ಒದ್ರ ಬ್ಲೇಡಿನ ಮೂತಿ ಐಸಿನಾಗ ಊರಿ ಕೆರೀತಿತ್ತು, ವೇಗ ಅಲ್ಲೇ ಸಾಯ್ತಿತ್ತು. ಅದಕ್ಕ ಮೀನಖಂಡದ ಜೋರು ಪೂರಾ ಬಳಸಾಕ ಬರ್ತಿದ್ದಿಲ್ಲ. ಕ್ಲ್ಯಾಪಿನಾಗ ಮುಂಗಾಲ ಬುಡಕ ಒಂದ ಕೀಲು, ಒಂದ ಸ್ಪ್ರಿಂಗ್. ಹಿಮ್ಮಡಿ ಎತ್ತಿದ್ರೂ ಬ್ಲೇಡ್ ಉದ್ದಕ್ಕೂ ಐಸ್ ಮ್ಯಾಲ ಇರತೈತಿ, ಒದಿಕಿ ಮುಗದ ಕೂಡ್ಲೇ ಸ್ಪ್ರಿಂಗ್ ಎಳದು ಟಪ್ ಅಂತ ಬಂದ ಕೂಡತೈತಿ. ಆ ಸಪ್ಪಳದಿಂದನ ಹೆಸರು. 1994ರ ಒಲಿಂಪಿಕ್ಸಿನಾಗ ನಾರ್ವೆದ ಕೋಸ್ ಹಳೇ ಬ್ಲೇಡಿನ ಮ್ಯಾಲ 5000 ಗೆದ್ದದ್ದು 6:34.96, 1998 ನಗಾನೊದಾಗ ರೊಮ್ಮೆ ಕ್ಲ್ಯಾಪ್ ಮ್ಯಾಲ 6:22.20. ನಾಕ ವರ್ಷದಾಗ ಸುಮಾರು ಹದಿಮೂರು ಸೆಕೆಂಡ್! ಶಾರ್ಟ್ ಟ್ರ್ಯಾಕಿನಾಗ ಮಾತ್ರ ಕ್ಲ್ಯಾಪ್ ಬಿಡಂಗಿಲ್ಲ.

ಮಲ್ಲು, 7:33
ಸೊಂಟದ ಮ್ಯಾಲಿಂದ ಅಷ್ಟ ಕತ್ತರಸ್ತೇನಿ. ಕಾಲ ಕಾಣೂದ ಬ್ಯಾಡ.
ಮತ್ತ ನಾಯ್ಸ್ ಅಂದ್ರಲ್ಲ ಸರ್, ಅಂವಂದು ಒಂದ ವಿಡಿಯೋ ಐತಿ, ಗಂಟೆಗೆ 103 ಕಿಲೋಮೀಟರ್! ಅದನ್ನ ಕೆಳಗ ಹಾಕೂಣೇನ? ಹುಡುಗರು ಹುಚ್ಚಾಗತಾವ.

ಶೋಭಕ್ಕ, 7:36
ಬ್ಯಾಡ. 2022ರಾಗ ನಾರ್ವೆದಾಗ ಹೆಪ್ಪುಗಟ್ಟಿದ ಕೆರಿ ಮ್ಯಾಲ ಗಾಡಿ ಹಿಂದ ದೊಡ್ಡ ಗಾಳಿ-ತಡಿ ಕಟ್ಟಿ ಅದರೊಳಗ ಓಡಿದ್ದು. ಧೈರ್ಯ ಬೇಕು, ಅಲ್ಲಂತಿಲ್ಲ, ಆದ್ರ ರೇಸಿನ ದಾಖಲೆ ಅಲ್ಲ. ನಮ್ಮೂರಾಗ ಕಾರಿನ ಬುಡಕ ಲಿಂಬೋ ಹೋಗೂದೂ ದಾಖಲೆನ, ಅದನ್ನ ಯಾರೂ 500 ಮೀಟರಿನ ಪಟ್ಟಿಗೆ ಸೇರಸಂಗಿಲ್ಲಲ್ಲ. ನಾಳೆ ಯಾವ್ದರೆ ಹುಡುಗ ಟ್ರ್ಯಾಕ್ಟರ್ ಹಿಡಕೊಂಡ ಹೋದ್ರ ಯಾರು ಜವಾಬ್ದಾರಿ?

ಬಸಣ್ಣ, 7:42
ಆತು, ದಾಖಲೆ ಬಿಡ್ರಿ. ಆದ್ರ ಟೈಮ್ ಬರೀರಿ. ಟೈಮಿಲ್ದ ಫ್ಲೆಕ್ಸ್ ಮದುವಿ ಬ್ಯಾನರ್ ಕಂಡಂಗ ಕಾಣತೈತಿ.

ಶೋಭಕ್ಕ, 7:47
ಟೈಮ್ ಒಂದ ಹೇಳಿದ್ರ ಫಲಿತಾಂಶ ತಿಳಿಯಂಗಿಲ್ಲ ಬಸು, ನಿನ್ನ ಐಸ್‌ನಾಗೂ. 2010, ವ್ಯಾಂಕೂವರ್ ಒಲಿಂಪಿಕ್ಸ್, 10,000. ಸ್ವೆನ್ ಕ್ರಾಮರ್ 12:54.50, ಎಲ್ಲಾರಕಿಂತ ನಾಕ ಸೆಕೆಂಡ್ ಮುಂದ. ಆದ್ರ ಪ್ರತಿ ಸುತ್ತಿಗೂ ಒಮ್ಮೆ ಲೇನ್ ಬದಲಿ ಆಗಬೇಕಲ್ಲ, ಹೊರಗ ಹೋಗಬೇಕಾದಾಗ ಕೋಚ್ ಒಳಗ ಅಂತ ಕೈ ಮಾಡಿದ, ಇಂವ ಒಳಗ ಹೋದ. ಡಿಸ್‌ಕ್ವಾಲಿಫೈ. ಚಿನ್ನ ಲೀ ಸಿಯುಂಗ್-ಹೂನ್‌ಗ, 12:58.55.
ನಮ್ಮ ಹುಡುಗರಿಗೆ ಬೇಕಾದ ಪಾಠ ಬ್ಯಾರೇನ ಐತಿ. ಹಾಂಗ್‌ಝೌ ಏಷ್ಯನ್ ಗೇಮ್ಸ್, 2023ರ ಅಕ್ಟೋಬರ್, ಗಂಡಸರ 3000 ಮೀಟರ್ ರಿಲೇ. ಕೊರಿಯಾದಾಂವ ಗೆರಿ ಮುಟ್ಟೂಕಿಂತ ಮೊದಲ ಎರಡೂ ಕೈ ಎತ್ತಿ ಖುಷಿಪಟ್ಟ. ತೈವಾನಿನಾಂವ ಪಕ್ಕದಿಂದ ಕಾಲ ಚಾಚಿ ದಾಟಿದ. 4:05.692, 4:05.702. ಸೆಕೆಂಡಿನ ನೂರನೇ ಒಂದ ಭಾಗ. ನೆಟ್ಟಗ ನಿಂತ್ರ ಪಾದ ಹಿಂದ ಉಳೀತೈತಿ, ಎದಿ ಮುಂದ ಹೋದ್ರ ಏನೂ ಬರಂಗಿಲ್ಲ. ಓಟದಾಗ ಎದಿ, ಇಲ್ಲಿ ಚಕ್ರ.

ಇರ್ಫಾನ್ (ವಿಜಯಪುರ), 7:50
ಅದ ರೇಸಿನಾಗ ಭಾರತಕ್ಕ ಕಂಚು, 4:10.128. ವೇಲ್‌ಕುಮಾರ್ ಅದರಾಗೂ ಇದ್ದ. ಹುಡುಗ್ಯಾರ ರಿಲೇನೂ ಅವತ್ತ ಕಂಚು, 4:34.861. ಅವರದೂ ಒಂದ ಸಾಲು ಹಾಕ್ರಿ. ಕ್ಯಾಂಪಿಗೆ ಹುಡುಗ್ಯಾರು ಬರೂದ ಬ್ಯಾಡೇನು?

ಬಸಣ್ಣ, 7:54
ಹಾಕ್ರಿ. ಆದ್ರ ಐಸ್ ಒಂದ ಸಾಲರೆ ಇರ್ಲಿ. ಚಕ್ರದಿಂದ ಐಸಿಗೆ ಹೋದಾವರದು. ಚಾಡ್ ಹೆಡ್ರಿಕ್ ಇನ್‌ಲೈನಿನಾಗ ವಿಶ್ವ ಚಾಂಪಿಯನ್, 2006 ಟೂರಿನ್‌ನಾಗ ಐಸ್ 5000 ಚಿನ್ನ. ಬಾರ್ಟ್ ಸ್ವಿಂಗ್ಸ್ 2022ರ ಒಲಿಂಪಿಕ್ಸಿನಾಗ ಮಾಸ್ ಸ್ಟಾರ್ಟ್ (ಐಸ್ ಮ್ಯಾಲ ಎಲ್ಲಾರೂ ಕೂಡೇ ಬಿಡೋ ರೇಸ್) ಚಿನ್ನ. ಅಲ್ಲೇ ಎರಿನ್ ಜಾಕ್ಸನ್ 500 ಚಿನ್ನ, 37.04, ಆಕಿನೂ ಚಕ್ರದಾಕಿ. ಅಮೆರಿಕದ ಟ್ರಯಲ್ಸಿನಾಗ ಕಾಲ ಜಾರಿ ಜಾಗಾ ತಪ್ಪಿತ್ತು, ಬ್ರಿಟನಿ ಬೋ ತನ್ನ ಜಾಗಾ ಬಿಟ್ಟಕೊಟ್ಟಳು.

ದೇಸಾಯಿ ಸರ್, 7:58
ಜಾಕ್ಸನ್ ಸಾಲು ಇರ್ಲಿ, ಹೆಡ್ರಿಕ್ ಬ್ಯಾಡ. ಫ್ಲೆಕ್ಸ್ 6 ಬೈ 4, ಗೋಲಗುಮ್ಮಟ ಅಲ್ಲ.

ಮಲ್ಲು, 8:20
ಫೈನಲ್ ನೋಡ್ರಿ:
"ಆನಂದಕುಮಾರ್ ವೇಲ್‌ಕುಮಾರ್. ವಿಶ್ವ ಚಾಂಪಿಯನ್, 1000 ಮೀಟರ್ ಇನ್‌ಲೈನ್ ಸ್ಪ್ರಿಂಟ್, ಚೀನಾ, 2025.
ಏಷ್ಯನ್ ಗೇಮ್ಸ್ ರಿಲೇ ಕಂಚು: ಪುರುಷರು ಮತ್ತು ಮಹಿಳೆಯರು, 2023.
ಎರಿನ್ ಜಾಕ್ಸನ್: ಚಕ್ರದಿಂದ ಐಸಿಗೆ, ಒಲಿಂಪಿಕ್ ಚಿನ್ನ, 2022."
ಚಿತ್ರ ಸೊಂಟದ ಮ್ಯಾಲಿಂದ.

ಶೋಭಕ್ಕ, 8:22
ಬರೋಬ್ಬರಿ.

ಬಸಣ್ಣ, 8:23
ಟೈಮ್ ಹಾಕಿಲ್ಲ. ಇರ್ಲಿ ಬಿಡು.

ಮಲ್ಲು, 8:40
ಕಳಿಸಿದೆ. ಪ್ರಿಂಟಿಗೆ ಹಾಕ್ಯಾನಂತ.

ಗೀತಾ, 8:52
ಮಲ್ಲು, ಈ ಚಿತ್ರ ಉಲ್ಟಾ ಐತಿ. ರೇಸ್ ಯಾವಾಗಲೂ ಎಡಕ್ಕ ತಿರಗತೈತಿ, ಗಡಿಯಾರದ ವಿರುದ್ಧ. ತಿರುವಿನಾಗ ಮೈ ಎಡಕ್ಕ ವಾಲಬೇಕು, ಎಡಗೈ ಬೆನ್ನ ಮ್ಯಾಲ, ಬೀಸೂದು ಬಲಗೈ. ಇಂವ ಬಲಕ್ಕ ವಾಲ್ಯಾನ, ಎಡಗೈ ಬೀಸಾಕ ಹತ್ಯಾನ.

ದೇಸಾಯಿ ಸರ್, 8:53
ಹೌದಲ್ಲೋ. ಅಂಗಡ್ಯಾಂವಗ ಫೋನ್ ಹಚ್ಚು.

ಮಲ್ಲು, 8:55
ಹಚ್ಚೇನ್ರಿ ಸರ್. ಎತ್ತವಲ್ಲ.