ಕಾರ್ಡ್ ಸಾಲ ಕಟ್ಟೋಕೆ ಆಗ್ತಿಲ್ಲ, ಜೈಲಿಗೆ ಹಾಕ್ತಾರಾ? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹುಬ್ಬಳ್ಳಿ): ಸರ್, ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಸ, ಸಂಬಳ 34,000. ಮೂರು ಕ್ರೆಡಿಟ್ ಕಾರ್ಡ್ ಸೇರಿ 4,60,000 ಬಾಕಿ ಇದೆ. ಅಪ್ಪನ ಆಪರೇಷನ್‌ಗೆ ಅಂತ ಶುರುವಾಯಿತು. ಆಮೇಲೆ ಒಂದು ಕಾರ್ಡಿಂದ ತೆಗೆದು ಇನ್ನೊಂದಕ್ಕೆ ಕಟ್ಟುತ್ತಾ ಬಂದೆ. ಐದು ತಿಂಗಳಿಂದ ಏನೂ ಕಟ್ಟಿಲ್ಲ. ಏಜೆಂಟ್ ಆಫೀಸಿಗೆ ಫೋನ್ ಮಾಡುತ್ತಾನೆ, ಹಾವೇರಿಯ ಅತ್ತಿಗೆಗೂ ಮಾಡಿದ್ದಾನೆ. ವಾಟ್ಸ್‌ಆ್ಯಪ್‌ನಲ್ಲಿ '420 ಕೇಸ್, ಅರೆಸ್ಟ್ ವಾರೆಂಟ್' ಅಂತ ಒಂದು ಕಾಗದ ಬಂದಿದೆ. ಮುಂದಿನ ತಾರೀಖಿನ ಚೆಕ್ ಕೊಟ್ಟರೆ ಸೆಟಲ್‌ಮೆಂಟ್ ಮಾಡಿಸುತ್ತೇನೆ ಅನ್ನುತ್ತಾನೆ. ನವನಗರದಲ್ಲಿ ಒಂದು ಸಣ್ಣ ಸೈಟ್ ಇದೆ, ಹೆಂಡತಿ ಹೆಸರಿಗೆ ಮಾಡಿಬಿಡು ಅಂತ ಗೆಳೆಯರು ಹೇಳುತ್ತಿದ್ದಾರೆ. ನನ್ನನ್ನು ಜೈಲಿಗೆ ಹಾಕುತ್ತಾರಾ?

ಉತ್ತರ: ಮೊದಲು ಚೆಕ್ ಪುಸ್ತಕ ಬೀರುವಿನೊಳಗೆ ಇಡಿ. ಉಳಿದದ್ದು ಆಮೇಲೆ.

ಕಾರ್ಡ್ ಸಾಲ ಕಟ್ಟದೇ ಇರುವುದು ಸಿವಿಲ್ ವಿಷಯ. ಬರೀ ಬಾಕಿ ಇದೆ ಅಂತ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ. ವಂಚನೆ ಕೇಸ್ ಆಗಬೇಕಾದರೆ ಕಾರ್ಡ್ ತೆಗೆದುಕೊಳ್ಳುವಾಗಲೇ ಮೋಸ ಮಾಡುವ ಮನಸ್ಸಿತ್ತು ಅಂತ ತೋರಿಸಬೇಕು. ನೀವು ವರ್ಷಗಟ್ಟಲೆ ಕಟ್ಟಿದ್ದೀರಿ. ವಾರೆಂಟ್ ಹೊರಡಿಸುವುದು ಕೋರ್ಟ್, ಏಜೆಂಟ್ ಅಲ್ಲ. ಅದು ಅವನ ವಾಟ್ಸ್‌ಆ್ಯಪ್‌ನಲ್ಲಿ ಬರುವುದೂ ಇಲ್ಲ.

ಆದರೆ ನೀವು ಕೊಡುವ ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರಲ್ಲಿ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಸಿವಿಲ್ ಸಾಲವನ್ನು ಕ್ರಿಮಿನಲ್ ಮಾಡಿಕೊಳ್ಳುವ ಸುಲಭ ದಾರಿ ಅದೇ, ಏಜೆಂಟನಿಗೂ ಅದು ಗೊತ್ತು. ಖಾತೆಯಿಂದ ತಾನಾಗಿ ಕಡಿತವಾಗುವ ಇ-ನ್ಯಾಚ್‌ಗೆ ಸಹಿ ಹಾಕಿ ದುಡ್ಡು ಇಡದಿದ್ದರೂ ಇದೇ ಕಥೆ. 2007ರ ಪೇಮೆಂಟ್ ಕಾಯ್ದೆಯ ಕಲಂ 25 ಅದಕ್ಕೂ ಇಷ್ಟೇ ಶಿಕ್ಷೆ ಇಟ್ಟಿದೆ.

ನಮ್ಮ ಕಡೆ ಜನ ಫೋನಿಗೆ ಹೆದರುತ್ತಾರೆ, ಕಾಗದಕ್ಕೆ ಹೆದರುವುದಿಲ್ಲ. ಇರಬೇಕಾದ್ದು ಉಲ್ಟಾ. ಕೋರ್ಟಿಂದ ಸಮನ್ಸ್ ಬಂದಾಗ 'ಮನೆಯಲ್ಲಿ ಇಲ್ಲ' ಅನ್ನಿಸಿ ವಾಪಸ್ ಕಳಿಸುವವರನ್ನು ತುಂಬಾ ನೋಡಿದ್ದೇನೆ. ಬ್ಯಾಂಕ್ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 37ರ ಕೆಳಗೆ ಸಮರಿ ದಾವೆ, ಅಂದರೆ ಬೇಗ ತೀರ್ಮಾನವಾಗುವ ದಾವೆ, ಹಾಕಿದ್ದರೆ ಸಮನ್ಸ್ ಸಿಕ್ಕ 10 ದಿನದೊಳಗೆ ಹಾಜರಿ ಹಾಕಬೇಕು. ಮಾಮೂಲಿ ದಾವೆಯಾದರೆ 30 ದಿನದಲ್ಲಿ ತಕರಾರು ಕೊಡಬೇಕು. ಹೋಗದಿದ್ದರೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನಿಮ್ಮ ಮಾತು ಕೇಳದೆಯೇ ತೀರ್ಪು, ಆಗುತ್ತದೆ. ಆ ಡಿಕ್ರಿಯನ್ನು 12 ವರ್ಷದವರೆಗೆ ಜಾರಿ ಮಾಡಿಸಬಹುದು. ಬಡ್ಡಿ ಲೆಕ್ಕ ತಪ್ಪಿದ್ದರೂ, ನೀವು ಕಟ್ಟಿದ್ದು ಜಮಾ ಆಗದಿದ್ದರೂ, ಅದನ್ನು ಹೇಳುವ ಅವಕಾಶ ಹೋಯಿತು. ಹಾಜರಾದವರಿಗೆ ಕಂತು ಕೇಳಲಿಕ್ಕಾದರೂ ಬರುತ್ತದೆ.

ಡಿಕ್ರಿ ಆದರೂ ಪೂರ್ತಿ ಸಂಬಳ ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60ರಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ನಿಮ್ಮ 34,000ಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 11,000 ಜಪ್ತಿಗೆ ಸಿಗುತ್ತದೆ. ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಪಿಎಫ್‌ಗೆ ಕೈ ಹಾಕುವಂತಿಲ್ಲ. ಸೈಟನ್ನು ಮಾತ್ರ ಜಪ್ತಿ ಮಾಡಿಸಬಹುದು.

ಹಾಗಂತ ಈಗ ಹೆಂಡತಿ ಹೆಸರಿಗೆ ಮಾಡಬೇಡಿ. ಸಾಲ ಕೊಟ್ಟವರಿಗೆ ಸಿಗದಂತೆ ಮಾಡಲು ಬರೆದುಕೊಟ್ಟ ದಾನಪತ್ರವನ್ನು ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 53ರಲ್ಲಿ ಕೋರ್ಟ್ ರದ್ದು ಮಾಡುತ್ತದೆ. ಇನ್ನೊಂದು ಮಾತು. ಡಿಕ್ರಿ ಕಟ್ಟದವರನ್ನು ಸಿವಿಲ್ ಜೈಲಿಗೆ ಕಳಿಸುವ ಅವಕಾಶ ಕಾನೂನಿನಲ್ಲಿ ಇದೆ, ಹೆಚ್ಚೆಂದರೆ 3 ತಿಂಗಳು. ಆದರೆ ಬಡವನನ್ನು ಬಡತನಕ್ಕಾಗಿ ಜೈಲಿಗೆ ಹಾಕುವಂತಿಲ್ಲ, ಇದ್ದೂ ಕೊಡದ ಕೆಟ್ಟ ಬುದ್ಧಿ ಇರಬೇಕು ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಸೈಟ್ ಬಚ್ಚಿಟ್ಟರೆ ಆ ಕೆಟ್ಟ ಬುದ್ಧಿಗೆ ಸಾಕ್ಷಿಯನ್ನು ನೀವೇ ರಿಜಿಸ್ಟರ್ ಮಾಡಿಸಿ ಕೊಟ್ಟಂತೆ.

ಇನ್ನು ದುಡ್ಡಿನ ಲೆಕ್ಕ. ಬಡ್ಡಿ ತಿಂಗಳಿಗೆ 3.5% ಎಂದು ಹಿಡಿಯಿರಿ. 4,60,000ಕ್ಕೆ 16,100. ಅದರ ಮೇಲೆ 18% ಜಿಎಸ್‌ಟಿ. ಹತ್ತಿರ ಹತ್ತಿರ 19,000 ಆಯಿತು. ಮಿನಿಮಮ್ 5% ಅಂತ 23,000 ಕಟ್ಟಿದರೂ ಅಸಲಿಗೆ ಹೋಗುವುದು ಸುಮಾರು 4,000. ಹಾಗಾಗಿ ಮಿನಿಮಮ್ ಕಟ್ಟುತ್ತಾ ಕೂರುವುದು ನಿಮ್ಮ ಸಂಬಳಕ್ಕೆ ದಾರಿಯಲ್ಲ. ಮೂರೂ ಬ್ಯಾಂಕಿಗೆ ಇಮೇಲ್ ಬರೆಯಿರಿ. ಕಷ್ಟ ಏನು, ತಿಂಗಳಿಗೆ ಎಷ್ಟು ಆಗುತ್ತದೆ, ಕಡಿಮೆ ಬಡ್ಡಿಯ ಇಎಂಐ ಮಾಡಿಕೊಡಿ ಅಂತ. ಮನೆಯಲ್ಲಿ ಬಂಗಾರ ಇದ್ದು, ಎಲ್ಲರೂ ಒಪ್ಪಿದರೆ, ಬ್ಯಾಂಕಿನಲ್ಲಿ ಅಡವಿಟ್ಟು ಒಂದು ಕಾರ್ಡ್ ಪೂರ್ತಿ ಮುಗಿಸುವುದು ಲೆಕ್ಕಕ್ಕೆ ಸರಿಬರುತ್ತದೆ. ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ. ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಸಂಬಳದ ಖಾತೆ ಇದ್ದರೆ ಬೇರೆ ಬ್ಯಾಂಕಿಗೆ ಬದಲಾಯಿಸಿಕೊಳ್ಳಿ. ಬ್ಯಾಂಕ್ ಅಲ್ಲಿಂದಲೇ ಹಿಡಿದುಕೊಳ್ಳಬಹುದು.

ಏಜೆಂಟ್ ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಅತ್ತಿಗೆಗೆ ಫೋನ್ ಮಾಡಿ ಮರ್ಯಾದೆ ತೆಗೆಯುವುದಂತೂ ರಿಸರ್ವ್ ಬ್ಯಾಂಕ್ ನಿಯಮಕ್ಕೆ ಪೂರ್ತಿ ವಿರುದ್ಧ. ಯಾವ ನಂಬರ್, ಎಷ್ಟು ಗಂಟೆ ಅಂತ ಬರೆದಿಟ್ಟು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯವಾಣಿ 14448. ಹೊಡೆಯುತ್ತೇನೆ, ಬಡಿಯುತ್ತೇನೆ ಅಂದರೆ ಸೀದಾ ಪೊಲೀಸ್ ಠಾಣೆ.

ಪ್ರಶ್ನೆ (ಧಾರವಾಡ): ಕಾರ್ಡಿಗೆ ವರ್ಷಕ್ಕೆ 30%ಕ್ಕಿಂತ ಜಾಸ್ತಿ ಬಡ್ಡಿ ಹಾಕಬಾರದು ಅಂತ ತೀರ್ಪಿತ್ತಲ್ವಾ ಸರ್?

ಉತ್ತರ: ಇತ್ತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದ್ದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈಗ ಅದನ್ನು ನಂಬಿಕೊಂಡು ವಾದ ಮಾಡಲು ಆಗುವುದಿಲ್ಲ.

ಪ್ರಶ್ನೆ (ಬ್ಯಾಡಗಿ): ಕಿರುಸಾಲದ ಕಿರುಕುಳದ ಬಗ್ಗೆ 2025ರಲ್ಲಿ ಸರ್ಕಾರ ಕಾನೂನು ತಂದಿತಲ್ಲ, ಕಾರ್ಡಿಗೆ ಬರುತ್ತದಾ?

ಉತ್ತರ: ಬರುವುದಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳು ಅದರಿಂದ ಹೊರಗೆ. ನೋಂದಣಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವವರಿಗೆ ಅದು ತಾಗುತ್ತದೆ.

ಪ್ರಶ್ನೆ (ಗದಗ, ಬೆಟಗೇರಿ): ನನ್ನ ಯಜಮಾನರು ತೀರಿಕೊಂಡರು. ಅವರ ಕಾರ್ಡಿನಲ್ಲಿ ಒಂದು ಲಕ್ಷದ ಮೇಲೆ ಬಾಕಿ ಇದೆಯಂತೆ. ನೀವೇ ಕಟ್ಟಬೇಕು, ಇಲ್ಲಿ ಸಹಿ ಮಾಡಿ ಅಂತ ಒಬ್ಬರು ಮನೆಗೆ ಬಂದಿದ್ದರು.

ಉತ್ತರ: ಅಕ್ಕಾ, ಯಾವುದಕ್ಕೂ ಸಹಿ ಮಾಡಬೇಡಿ. ಆ ಸಾಲ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ. ನಿಮ್ಮ ದುಡಿಮೆಯಿಂದ, ನಿಮ್ಮ ಹೆಸರಿನ ಆಸ್ತಿಯಿಂದ ಕಟ್ಟಬೇಕಿಲ್ಲ. ಸಹಿ ಮಾಡಿದರೆ ಹೊಸದಾಗಿ ನೀವೇ ಹೊಣೆ ಹೊತ್ತಂತೆ ಆಗಬಹುದು. ಮರಣ ಪ್ರಮಾಣಪತ್ರದ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕಾರ್ಡಿಗೆ ವಿಮೆ ಇತ್ತಾ ಅಂತಲೂ ಬರೆದು ಕೇಳಿ, ಕೆಲವು ಕಾರ್ಡಿಗೆ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಗದಗ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ (ರಾಣೆಬೆನ್ನೂರು): ಮೂರು ವರ್ಷ ಸುಮ್ನೆ ಇದ್ದರೆ ಸಾಲ ಹೋಗುತ್ತದಂತೆ?

ಉತ್ತರ: ಸಾಲ ಹೋಗುವುದಿಲ್ಲ, ದಾವೆ ಹಾಕುವ ಅವಧಿ ಮುಗಿಯುತ್ತದೆ. ನಡುವೆ ಬಾಕಿ ಒಪ್ಪಿಕೊಂಡು ಸಹಿ ಮಾಡಿದ ಒಂದು ಪತ್ರ ಕೊಟ್ಟರೂ ಲೆಕ್ಕ ಹೊಸದಾಗಿ ಶುರು. ಬ್ಯಾಂಕಿನವರೂ ಕ್ಯಾಲೆಂಡರ್ ನೋಡುತ್ತಾರೆ, ಅವಧಿ ಮುಗಿಯುವ ಮುಂಚೆ ದಾವೆ ಹಾಕುತ್ತಾರೆ. ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಂತೂ ಕಲೆ ಉಳಿಯುತ್ತದೆ. ನಾನು ಯಾರಿಗೂ ಈ ಸಲಹೆ ಕೊಡುವುದಿಲ್ಲ.

ಪ್ರಶ್ನೆ (ಹುಬ್ಬಳ್ಳಿ, ಮೊದಲು ಕೇಳಿದವರು): ಥ್ಯಾಂಕ್ಸ್ ಸರ್. ಒಂದು ಬ್ಯಾಂಕಿಂದ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಮಾನ) ನೋಟಿಸ್ ಬಂದಿದೆ, ಬೆಂಗಳೂರಿನದು. ಲೋಕ ಅದಾಲತ್‌ಗೆ ಬನ್ನಿ ಅಂತ ಇನ್ನೊಂದು ಬಂದಿದೆ. ಎರಡಕ್ಕೂ ಹೋಗಬೇಕಾ?

ಉತ್ತರ: ಆರ್ಬಿಟ್ರೇಷನ್‌ಗೆ ಕೂಡಲೇ ಬರೆದು ಉತ್ತರ ಕೊಡಿ. ಬ್ಯಾಂಕ್ ಒಬ್ಬರೇ ಆರಿಸಿದ ಆರ್ಬಿಟ್ರೇಟರ್‌ಗೆ ನನ್ನ ಒಪ್ಪಿಗೆ ಇಲ್ಲ ಅಂತ. ಹೀಗೆ ಒಂದೇ ಕಡೆಯವರು ನೇಮಿಸುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸುಮ್ನೆ ಬಿಟ್ಟರೆ ಅಲ್ಲಿ ಆಗುವ ಆದೇಶವೂ ಡಿಕ್ರಿಯಂತೆ ಜಾರಿಗೆ ಬರುತ್ತದೆ.

ಲೋಕ ಅದಾಲತ್ ಕಾಗದದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯ ಮೊಹರು ಇದೆಯಾ ನೋಡಿ. ಇದ್ದರೆ ಹೋಗಿ. ಫೀಸ್ ಇಲ್ಲ. ರಾಜಿ ಆಗದಿದ್ದರೆ ಎದ್ದು ಬರಬಹುದು. ಆದರೆ ಆಯಿತು ಅಂತ ಸಹಿ ಹಾಕಿದರೆ ಅದೇ ಕೊನೆ, ಮೇಲ್ಮನವಿ ಇಲ್ಲ. ಹಾಗಾಗಿ ಕಂತು ನಿಮ್ಮ ಕೈಗೆ ಎಟುಕುವಷ್ಟಿದ್ದರೆ ಮಾತ್ರ ಒಪ್ಪಿ. ಸೆಟಲ್‌ಮೆಂಟ್ ಎಲ್ಲೇ ಆಗಲಿ, ಬ್ಯಾಂಕಿನ ಪತ್ರ ಬೇಕು. ಮೊತ್ತ, ಕೊನೆಯ ದಿನ, ಪೂರ್ತಿ ಬಾಕಿ ತೀರಿತು ಎಂಬ ಮಾತು ಮೂರೂ ಅದರಲ್ಲಿರಲಿ. ದುಡ್ಡು ಕಾರ್ಡ್ ಖಾತೆಗೇ ಹೋಗಲಿ, ಏಜೆಂಟನ ಫೋನ್‌ಪೇಗೆ ಬೇಡ. ಸಿಬಿಲ್‌ನಲ್ಲಿ 'ಸೆಟಲ್ಡ್' ಅಂತ ಬೀಳುತ್ತದೆ, 'ಕ್ಲೋಸ್ಡ್' ಅಂತ ಅಲ್ಲ. ಕೆಲವು ವರ್ಷ ಹೊಸ ಸಾಲ ಸಿಗುವುದು ಕಷ್ಟ. ಸದ್ಯಕ್ಕೆ ಅದು ಒಳ್ಳೆಯದೇ ಅನ್ನಿ.

ಪ್ರಶ್ನೆ (ನವಲಗುಂದ): ಸರ್, ನಮ್ಮಣ್ಣ ಆಗಲೇ ಏಜೆಂಟ್‌ಗೆ ಎರಡು ಚೆಕ್ ಕೊಟ್ಟುಬಿಟ್ಟಿದ್ದಾನೆ. ಸ್ಟಾಪ್ ಪೇಮೆಂಟ್ ಮಾಡಿಸಿದರೆ ಆಗುತ್ತದಾ?

ಉತ್ತರ: ಆಗುವುದಿಲ್ಲ, ಸ್ಟಾಪ್ ಮಾಡಿಸಿದರೂ 138 ಬೀಳಬಹುದು. ಕಾರ್ಡ್ ಕೊಟ್ಟ ಬ್ಯಾಂಕಿಗೆ ಇವತ್ತೇ ಇಮೇಲ್ ಮಾಡಿ: ಇಂಥ ನಂಬರಿನ ಚೆಕ್ ಇಂಥವರ ಕೈಗೆ ಕೊಟ್ಟಿದ್ದೇನೆ, ಇಷ್ಟು ಹೊಂದಿಸಲು ಆಗುತ್ತದೆ, ಅಲ್ಲಿಯವರೆಗೆ ಹಾಕಬೇಡಿ ಅಂತ. ಅಷ್ಟಾದರೂ ಹಾಕಿ ಬೌನ್ಸ್ ಆದರೆ ಲೀಗಲ್ ನೋಟಿಸ್ ಬರುತ್ತದೆ. ಅದು ಕೈ ಸೇರಿದ 15 ದಿನದೊಳಗೆ ಚೆಕ್ಕಿನ ಮೊತ್ತ ಕಟ್ಟಿದರೆ ಕೇಸ್ ನಿಲ್ಲುವುದಿಲ್ಲ. ಕೇಸ್ ಆದಮೇಲೂ ರಾಜಿಗೆ ಅವಕಾಶ ಇದೆ. ಚೆಕ್ಕಿನ ಮೇಲೆ ತಾರೀಖು ಹಾಕಿದ್ದಾರಾ, ಖಾಲಿ ಬಿಟ್ಟಿದ್ದಾರಾ? ಅದನ್ನು ಅಣ್ಣನನ್ನು ಕೇಳಿ ಮೊದಲು ಹೇಳಿ.