ಸುರಂಗದ ಹನಿ ಸದ್ದಿಗೆ ಊದಿಸಿದ ಗಾಜಿನ ಬುರುಡೆ: ಗುಂಯ್ ಬಿಟ್ಟು ಬೇರೇನೂ ಬರುತ್ತಿಲ್ಲ

ಬಾಯಾರ್‌ಮಳೆ:
ಕಾಸರಗೋಡಿನ ಬಾಯಾರು ಕಡೆಯ, ಗುಡ್ಡ ಕೊರೆದು ನೀರು ತೆಗೆಯುವ ಸುರಂಗವೊಂದರಲ್ಲಿ ನೀರು ತೊಟ್ಟಿಕ್ಕುವ ಸದ್ದನ್ನು ಗಾಜಿನೊಳಗಿಂದ ರೆಕಾರ್ಡ್ ಮಾಡಬೇಕು. ಬೊರೊಸಿಲಿಕೇಟ್ (ಶಾಖ ತಾಳುವ ಗಾಜು) ಬುರುಡೆ 1 ಲೀಟರಿನದು, ಕತ್ತಿನ ಒಳವ್ಯಾಸ 2.5 ಸೆಂ.ಮೀ., ಉದ್ದ 5 ಸೆಂ.ಮೀ. ಒಳಗೆ ಎಲೆಕ್ಟ್ರೆಟ್ ಮೈಕ್, ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಹನಿಯ ‘ಟಿಣ್’ ಮಸುಕು. ಸ್ಪೆಕ್ಟ್ರೋಗ್ರಾಂನಲ್ಲಿ (ಯಾವ ಸ್ವರ ಎಷ್ಟು ಜೋರು ಎಂದು ತೋರಿಸುವ ಚಿತ್ರ) 150 ಹರ್ಟ್ಸ್ ಹತ್ತಿರ ಮಾತ್ರ ದಪ್ಪ ಗೆರೆ. ಕತ್ತು ಕೂಡುವಲ್ಲಿ ಮರುದಿನ ಬಿರುಕೂ ಬಂತು. ಇನ್ನೊಂದು ಆಸೆ: ಹನಿ ಸದ್ದಿನ ಆಕಾರದಲ್ಲೇ ಗಾಜು ಊದಿಸುವುದು. ತ್ರೀಡಿ ಪ್ರಿಂಟ್ ಅಚ್ಚು ನಡೆದೀತಾ?

ನಾದಲೆಕ್ಕ:
ನಿಮ್ಮ ಅಳತೆಗೆ ಲೆಕ್ಕ ಹಾಕಿದರೆ ಬುರುಡೆಯ ಸ್ವಂತ ಸ್ವರ ಸುಮಾರು 148 ಹರ್ಟ್ಸ್. ಆ ದಪ್ಪ ಗೆರೆ ಗಾಜಿನದೇ, ಸುರಂಗದ್ದಲ್ಲ. ‘ಟಿಣ್’ ಹುಟ್ಟುವುದು ಹನಿ ಬಿದ್ದಾಗ ನೀರಿನಡಿ ಸಿಕ್ಕಿಕೊಳ್ಳುವ ಗಾಳಿಗುಳ್ಳೆಯಿಂದ; 1 ಮಿ.ಮೀ. ತ್ರಿಜ್ಯದ ಗುಳ್ಳೆ 3,260 ಹರ್ಟ್ಸ್ ಸುತ್ತ ಮಿಡಿಯುತ್ತದೆ. ಅಷ್ಟು ಮೇಲಿನ ಸದ್ದು ಆ ಕತ್ತಿನಲ್ಲಿ ಇಳಿಯುವುದೇ ಕಷ್ಟ.

ಬುರುಡೆ ಬಿಡಿ, ಆಲಿಕೆ ಊದಿಸಿ. ಬಾಯಿ 12 ಸೆಂ.ಮೀ., ಗಂಟಲು 1 ಸೆಂ.ಮೀ., ಉದ್ದ 20 ಸೆಂ.ಮೀ., ಮೈಕ್ ಗಂಟಲಿನಲ್ಲಿ. ಸುಮಾರು 900 ಹರ್ಟ್ಸ್‌ನಿಂದ ಮೇಲಕ್ಕೆ ಚೆನ್ನಾಗಿ ಹಿಡಿಯುತ್ತದೆ. ನಿಮ್ಮ ಎರಡನೇ ಆಸೆಯೂ ಇದರಲ್ಲೇ ತೀರುತ್ತದೆ. ಹನಿ ಸದ್ದು ಥಟ್ಟನೆ ಏರಿ, ಘಾತೀಯವಾಗಿ (ಮೊದಲು ಬೇಗ, ಆಮೇಲೆ ನಿಧಾನವಾಗಿ) ಇಳಿಯುತ್ತದೆ. ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ಒಂದೇ ಹನಿಯ ಸದ್ದು ಕತ್ತರಿಸಿ, ಅಲೆಗಳನ್ನು ಬಿಟ್ಟು ಮೇಲಿನ ಹೊರಗೆರೆ ಮಾತ್ರ ತೆಗೆದುಕೊಳ್ಳಿ. ಅದನ್ನು ಅಕ್ಷದ ಸುತ್ತ ತಿರುಗಿಸಿದರೆ ಘಾತೀಯ ಕಹಳೆಯ ಆಕಾರವೇ ಬರುತ್ತದೆ. ಎಷ್ಟು ಚಂದದ ಹೊಂದಾಣಿಕೆ ನೋಡಿ!

ಊದುಗೊಳವೆ:
ತ್ರೀಡಿ ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೇ ಮೆತ್ತಗಾಗುತ್ತದೆ. ಊದುವ ಗಾಜು 1,000 ಡಿಗ್ರಿ ಆಚೀಚೆ. ಪ್ರಿಂಟನ್ನು ಮಾದರಿಯಾಗಿಟ್ಟುಕೊಂಡು ಗಟ್ಟಿ ಮರದಲ್ಲಿ ಎರಡು ಹೋಳಿನ ಅಚ್ಚು ಕಡೆಸಿ, ರಾತ್ರಿಯಿಡೀ ನೀರಲ್ಲಿ ನೆನೆಸಿ. ಮರಕ್ಕೂ ಗಾಜಿಗೂ ನಡುವೆ ಹಬೆಯ ಪದರ ನಿಲ್ಲಬೇಕು. ಒಣ ಮರ ಹತ್ತಿ ಉರಿಯುತ್ತದೆ. ಗಾಳಿ ಸಿಕ್ಕಿಕೊಳ್ಳುವ ಮೂಲೆಯಲ್ಲಿ 1 ಮಿ.ಮೀ. ತೂತು ಇರಲಿ. ಅಗಲದ ತುದಿ ಮುಚ್ಚಿಯೇ ಊದಿ, ಆಮೇಲೆ ಕತ್ತರಿಸಿ, ಅಂಚನ್ನು ಬೆಂಕಿಗೆ ಹಿಡಿದು ನಯ ಮಾಡಿ. ಉಬ್ಬು ಹೆಚ್ಚಾದಲ್ಲಿ ಗಾಜು ತೆಳುವಾಗುತ್ತದೆ, ಗಮನವಿರಲಿ.

ಬಿರುಕಿಗೆ ಕಾರಣ ಬಹುತೇಕ ಅನೀಲಿಂಗ್ (ಬಿಸಿಯಲ್ಲಿಟ್ಟು ನಿಧಾನವಾಗಿ ತಣಿಸುವುದು) ಆಗದೆ ಗಾಜಿನೊಳಗೆ ಉಳಿದ ಒತ್ತಡ. 3 ಮಿ.ಮೀ. ಗಾಜಾದರೆ 560 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ನಿಮಿಷಕ್ಕೆ 2 ಡಿಗ್ರಿಯಂತೆ 500ಕ್ಕೆ ಇಳಿಸಿ, ಮತ್ತೆ ಭಟ್ಟಿಯೊಳಗೇ ತಣಿಯಲಿ. ಪರೀಕ್ಷೆ ಸುಲಭ. ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಪೋಲರೈಸ್ಡ್ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಗಾಜು ಹಿಡಿಯಿರಿ. ಒತ್ತಡವಿರುವಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅಂಚು ನಯ ಮಾಡಿದ ಮೇಲೂ ಇನ್ನೊಮ್ಮೆ ಅನೀಲ್ ಮಾಡಲೇಬೇಕು.

ಬಾಯಾರ್‌ಮಳೆ:
ಉಪಕಾರ ಆಯಿತು. ಕೊನೆಗೆ ಚರಪರ ಸದ್ದೂ ಬರುತ್ತಿತ್ತು, ಅದು?

ನಾದಲೆಕ್ಕ:
ತೇವ, ಮಾರಾಯ್ರೆ. ಏಸಿ ಕಾರಿನಿಂದ ನೇರ ಒಳಗೆ ಒಯ್ದರೆ ಗಾಜು ಬೆವರಿ ನೀರು ಮೈಕಿಗೆ ಇಳಿಯುತ್ತದೆ. ಅರ್ಧ ಗಂಟೆ ಸುರಂಗದಲ್ಲೇ ಇಟ್ಟು ಆಮೇಲೆ ಆನ್ ಮಾಡಿ. ಆಲಿಕೆಯ ಬಾಯಿ ಕೆಳಮುಖವಾಗಿರಲಿ.